ಕಾವಲು ಕೈ ಬದಲಾಗುವ ಹೊತ್ತು

ಹೆರಿಗೆಗೆಂದು ಆಸ್ಪತ್ರೆ ಸೇರಿದ ಹೆಂಗಸಿನ ಮೈಗೆ ಎಷ್ಟು ಕಡೆ ಏನೇನು ಅಂಟುತ್ತದೆ ಎಂದು ಯಾರೂ ಎಣಿಸುವುದಿಲ್ಲ. ಒಮ್ಮೆ ಎಣಿಸಿ ನೋಡೋಣ. ಕೈಗೆ ಡ್ರಿಪ್ ಸೂಜಿ ಹಾಕಿದ ಮೇಲೆ ಅದರ ಮೇಲೊಂದು ಪ್ಲಾಸ್ಟರು. ತೋಳಿಗೆ ಬಿ.ಪಿ. ಪಟ್ಟಿ, ಅದು ಆಗಾಗ ತಾನಾಗಿಯೇ ಬಿಗಿದು ಸಡಿಲವಾಗುತ್ತದೆ. ಮಗುವಿನ ಎದೆಬಡಿತ ಕೇಳಲು ಹೊಟ್ಟೆಯ ಸುತ್ತ ಎರಡು ಬೆಲ್ಟು. ಆಪರೇಷನ್ ಎಂದಾದರೆ ಎದೆಯ ಮೇಲೆ ಇ.ಸಿ.ಜಿ.ಯ ಮೂರೋ ಐದೋ ಬಿಲ್ಲೆ, ಬೆನ್ನಿನ ಸೂಜಿಯ ಜಾಗಕ್ಕೊಂದು ಡ್ರೆಸಿಂಗ್, ಮೂತ್ರದ ನಳಿಕೆಯನ್ನು ತೊಡೆಗೆ ಹಿಡಿದಿಡುವ ಟೇಪು, ರಕ್ತ ಕಟ್ಟಿಸುವ ವಿದ್ಯುತ್ ಉಪಕರಣಕ್ಕಾಗಿ ಅಂಗೈಯಗಲದ ಅಂಟುಹಾಳೆ. ಪೂರ್ತಿ ಮತ್ತು ಬರಿಸಿದರೆ ರೆಪ್ಪೆ ತೆರೆಯದಂತೆ ಕಣ್ಣಿಗೊಂದು ಟೇಪು, ಉಸಿರಿನ ನಳಿಕೆ ಕದಲದಂತೆ ಕೆನ್ನೆಗೊಂದು. ಇದರ ಜೊತೆಗೆ ಸ್ಪಿರಿಟ್ ಹಾಕಿ ಉಜ್ಜುವುದು, ಟ್ರಾಲಿಯಿಂದ ಟೇಬಲ್ಲಿಗೆ ನಾಲ್ಕು ಜನ ಸೇರಿ ಜರುಗಿಸುವುದು. ಎಲ್ಲವೂ ಆಕೆಯ ಒಳ್ಳೆಯದಕ್ಕೇ. ಒಂದೊಂದು ಕ್ರಮದ ಹಿಂದೆಯೂ ಎಂದೋ ಎಲ್ಲೋ ಜೀವ ಕಳೆದುಕೊಂಡವಳೊಬ್ಬಳಿಂದ ಕಲಿತ ಪಾಠವಿದೆ.

ಈ ಪ್ಲಾಸ್ಟರು ಕಿತ್ತರೆ ಅದರ ಜೊತೆಗೆ ಚರ್ಮವೂ ಕಿತ್ತುಬರುವ ಹೆಂಗಸರಿದ್ದಾರೆ. ಅವರದು ಎಪಿಡರ್ಮೊಲೈಸಿಸ್ ಬುಲ್ಲೋಸಾ, ವಂಶವಾಹಿಯ ದೋಷದಿಂದ ಹುಟ್ಟಿನಲ್ಲೇ ಬರುವ ರೋಗಗಳ ಒಂದು ಗುಂಪು. ಹೆಸರು ನಾಲಿಗೆಗೆ ಕಷ್ಟ, ರೋಗಿಗಳೂ ವೈದ್ಯರೂ ಇ.ಬಿ. ಎಂದು ಮುಗಿಸುತ್ತಾರೆ. 1886ರಲ್ಲಿ ಜರ್ಮನ್ ಚರ್ಮವೈದ್ಯ ಹೈನ್ರಿಕ್ ಕೋಬ್ನರ್ ಇಟ್ಟ ಹೆಸರು ಅದು. ನಮ್ಮ ಚರ್ಮದ ಮೇಲ್ಪದರವನ್ನು ಒಳಪದರಕ್ಕೆ ಟಾಕು ಹಾಕಿದಂತೆ ಹಿಡಿದಿಡುವ ಪ್ರೋಟೀನುಗಳಿವೆ. ಕೆರಾಟಿನ್, ಲ್ಯಾಮಿನಿನ್, ಏಳನೆಯ ಬಗೆಯ ಕೊಲ್ಯಾಜೆನ್ ಅವುಗಳಲ್ಲಿ ಕೆಲವು. ಯಾವ ಮಟ್ಟದಲ್ಲಿ ಟಾಕು ಬಿಟ್ಟಿದೆ ಎಂಬುದರ ಮೇಲೆ ಸಿಂಪ್ಲೆಕ್ಸ್, ಜಂಕ್ಷನಲ್, ಡಿಸ್ಟ್ರೋಫಿಕ್, ಕಿಂಡ್ಲರ್ ಎಂದು ರೋಗದ ಬಗೆಗಳನ್ನು ಗುರುತಿಸುತ್ತಾರೆ. ಕೆಲವರಿಗೆ ಸೆಕೆಗಾಲದಲ್ಲಿ ಅಂಗೈ ಅಂಗಾಲುಗಳಲ್ಲಿ ಬೊಬ್ಬೆ ಏಳುವುದಷ್ಟೇ ತೊಂದರೆ. ಡಿಸ್ಟ್ರೋಫಿಕ್ ಬಗೆಯ ತೀವ್ರ ರೂಪ ಬೇರೆಯೇ ಲೋಕ. ಗಾಯ ಆಗುತ್ತ ಮಾಯುತ್ತ ಬೆರಳುಗಳು ಒಂದಕ್ಕೊಂದು ಕೂಡಿಕೊಂಡು ಕೈ ಮುಷ್ಟಿಯಂತಾಗುತ್ತದೆ. ಬಾಯಿ ಕಿರಿದಾಗುತ್ತದೆ, ನಾಲಿಗೆ ಬಾಯಿಯ ತಳಕ್ಕೆ ಕಚ್ಚಿಕೊಳ್ಳುತ್ತದೆ, ಅನ್ನನಾಳ ಇಕ್ಕಟ್ಟಾಗಿ ತುತ್ತು ಇಳಿಯದಾಗುತ್ತದೆ. ಅಮೆರಿಕದ ರಾಷ್ಟ್ರೀಯ ನೋಂದಣಿಯ ಲೆಕ್ಕದಂತೆ 10 ಲಕ್ಷ ಜನನಗಳಲ್ಲಿ ಸುಮಾರು 20 ಮಕ್ಕಳಿಗೆ ಇ.ಬಿ.ಯ ಯಾವುದಾದರೊಂದು ಬಗೆ ಇರುತ್ತದೆ.

ಈ ಚರ್ಮದ ಸ್ವಭಾವ ತಿಳಿಯಲು ಪ್ರಯೋಗಾಲಯ ಬೇಡ, ಮಾಗಿಕಾಲದ ಅಡುಗೆಮನೆ ಸಾಕು. ನೆನೆಹಾಕಿದ ಅವರೆಕಾಳನ್ನು ಅಂಗೈಯಲ್ಲಿಟ್ಟು ಮೇಲಿನಿಂದ ನೇರವಾಗಿ ಅದುಮಿದರೆ ಏನೂ ಆಗುವುದಿಲ್ಲ. ಅದನ್ನೇ ಎರಡು ಬೆರಳ ನಡುವೆ ಹಿಡಿದು ಕೊಂಚ ಓರೆಯಾಗಿ ಹಿತುಕಿದರೆ ಕಾಳು ಚಿಮ್ಮಿ ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಇ.ಬಿ.ಯ ಚರ್ಮಕ್ಕೂ ನೇರ ಒತ್ತಡಕ್ಕಿಂತ ಓರೆ ಎಳೆತವೇ ಕಂಟಕ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆಸ್ಪತ್ರೆಯ ಎಷ್ಟೋ ಸಂಗತಿಗಳು ತಲೆಕೆಳಗಾಗಿ ಕಾಣತೊಡಗುತ್ತವೆ. ಹತ್ತಿಯ ಸುರುಳಿ ಸುತ್ತಿ ಅದರ ಮೇಲೆ ಬಿ.ಪಿ. ಪಟ್ಟಿ ಕಟ್ಟಿದರೆ ಅದು ಎಷ್ಟು ಬಿಗಿದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ನೋವು ತಿನ್ನುತ್ತಿರುವವಳ ಬೆನ್ನನ್ನು ಯಾರೋ ಅಕ್ಕರೆಯಿಂದ ನೇವರಿಸಿದರೆ ಅಲ್ಲಿ ಬೊಬ್ಬೆ ಎದ್ದೀತು. ಆಪರೇಷನ್ನಿನ ಕೊಯ್ತಕ್ಕಿಂತ ಅದರ ಮೇಲೆ ಹಾಕಿದ ಪ್ಲಾಸ್ಟರು ದೊಡ್ಡ ಗಾಯ ಮಾಡೀತು.

ಹೆರುವ ವಯಸ್ಸಿಗೆ ಬರುವಷ್ಟರಲ್ಲಿ ಈ ಹೆಂಗಸು ಇಪ್ಪತ್ತು ಇಪ್ಪತ್ತೈದು ವರ್ಷ ತನ್ನ ಮೈಯನ್ನು ತಾನೇ ಕಾದಿರುತ್ತಾಳೆ. ಯಾವ ಮಗ್ಗುಲಿಗೆ ಮಲಗಬೇಕು, ಯಾವ ಬಟ್ಟೆಯ ಹೊಲಿಗೆಯನ್ನು ಹೊರಮೈಗೆ ತಿರುವಿ ಹಾಕಿಕೊಳ್ಳಬೇಕು, ಕುರ್ಚಿಯಿಂದ ಏಳುವಾಗ ಭಾರ ಎಲ್ಲಿ ಊರಬೇಕು ಎಂಬುದೆಲ್ಲ ಆಕೆಗೆ ಉಸಿರಾಟದಷ್ಟು ಸಹಜವಾಗಿರುತ್ತದೆ. ಈ ಕಾವಲಿನಲ್ಲಿ ನೋವೇ ಎಚ್ಚರಿಕೆಯ ಗಂಟೆ. ಏನೋ ತಾಗಿತು, ಎಳೆಯಿತು, ಕೂಡಲೇ ಸರಿಯಬೇಕು. ಅರಿವಳಿಕೆ ಮಾಡುವುದಾದರೂ ಏನು? ಆ ಗಂಟೆಯ ನಾಲಿಗೆಯನ್ನು ಕಟ್ಟುವುದು. ಎಪಿಡ್ಯೂರಲ್ ಪಡೆದು ಸೊಂಟದಿಂದ ಕೆಳಗೆ ಅರಿವು ಕುಂದಿದವಳು ಮಗುವನ್ನು ನೂಕುವಾಗ ಹಿಮ್ಮಡಿಯನ್ನು ಹಾಸಿಗೆಗೆ ಊರಿ ಒರೆಸುತ್ತಾಳೆ, ಅವಳಿಗೆ ಗೊತ್ತಾಗುವುದಿಲ್ಲ. ಚಾದರದ ಮಡಿಕೆ ತೊಡೆಯಡಿ ಸಿಕ್ಕಿಕೊಂಡರೂ ಗೊತ್ತಾಗುವುದಿಲ್ಲ. ಪೂರ್ತಿ ಮತ್ತಿನಲ್ಲಿದ್ದರೆ ಯಾವುದೂ ಗೊತ್ತಾಗುವುದಿಲ್ಲ.

ಉಳಿದವರ ಪಾಲಿಗೆ ಅರಿವಳಿಕೆ ಎಂದರೆ ನೋವನ್ನು ತೆಗೆದುಹಾಕುವ ವಿದ್ಯೆ. ಈಕೆಯ ಪಾಲಿಗೆ ಅದು ಕಾವಲನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಪ್ಪಿಸುವ ವ್ಯವಹಾರ. ಒಪ್ಪಿಸಿಕೊಳ್ಳುವವರಿಗೆ ಏನನ್ನು ಕಾಯಬೇಕೆಂದು ಮೊದಲೇ ಗೊತ್ತಿರಬೇಕು. ಆ ತಿಳಿವಳಿಕೆ ಇರುವುದು ಆಕೆಯ ಬಳಿ. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಐದು ನಿಮಿಷ ಸಿಗುವ ವೈದ್ಯರಿಗೆ ಅದನ್ನು ದಾಟಿಸಲು ಆಗುವುದಿಲ್ಲ. ಆದ್ದರಿಂದ ಅರಿವಳಿಕೆ ತಜ್ಞರು ಇಂಥ ಬಸುರಿಯನ್ನು ಹೆರಿಗೆಗೆ ತಿಂಗಳುಗಟ್ಟಲೆ ಮುಂಚೆ ಕಾಣಲೇಬೇಕು, ಆಕೆಯನ್ನು ರೋಗಿಯೆಂದು ಪರೀಕ್ಷಿಸುವುದರ ಜೊತೆಗೆ ಗುರುವೆಂದು ಕೇಳಿಸಿಕೊಳ್ಳಬೇಕು. ಈ ಲೇಖನದಲ್ಲಿ ನಾನು ವಾದಿಸಹೊರಟದ್ದು ಇದನ್ನೇ.

ವಿಚಿತ್ರವೆಂದರೆ, ಹೆರಿಗೆಯಲ್ಲಿ ಅರಿವಳಿಕೆಯ ಚರಿತ್ರೆ ಶುರುವಾದದ್ದೇ ಎಲ್ಲರಂತಿಲ್ಲದ ಒಂದು ಮೈಯಿಂದ. 1847ರ ಜನವರಿ 19ರಂದು ಎಡಿನ್‌ಬರೋದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಮೊದಲ ಸಲ ಹೆರಿಗೆಗೆ ಈಥರ್ ಬಳಸಿದ. ಅದನ್ನು ಉಸಿರಾಡಿದವಳು ಕಟಿಯೆಲುಬು ವಿಕಾರಗೊಂಡಿದ್ದ ಹೆಂಗಸು. ಅದೇ ವರ್ಷದ ನವೆಂಬರಿನಲ್ಲಿ ಆತ ಕ್ಲೋರೋಫಾರ್ಮಿಗೆ ಬಂದ. 1853ರಲ್ಲಿ ಜಾನ್ ಸ್ನೋ ವಿಕ್ಟೋರಿಯಾ ರಾಣಿಗೆ ಅದನ್ನು ಕೊಟ್ಟ ಮೇಲೆ ಅದು ಮನೆಮಾತಾಯಿತು. ಚರಿತ್ರೆ ಬರೆದವರು ರಾಣಿಯನ್ನು ನೆನಪಿಟ್ಟುಕೊಂಡರು, ಎಲುಬು ವಿಕಾರವಾಗಿದ್ದವಳನ್ನು ಅಷ್ಟಾಗಿ ನೆನೆಯುವವರಿಲ್ಲ. ಆಮೇಲಿನ ನೂರು ವರ್ಷಗಳಲ್ಲಿ ಈ ವಿದ್ಯೆ ಬೆಳೆದದ್ದು ಸರಾಸರಿ ಹೆಂಗಸಿನ ಸುತ್ತಲೇ.

1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡಲ್ಸನ್ 44,016 ಬಸುರಿಯರ ದಾಖಲೆ ತಿರುವಿ ಹಾಕಿ, ಅವರಲ್ಲಿ 66 ಮಂದಿಗೆ ಮತ್ತಿನಲ್ಲಿದ್ದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದಿತ್ತು ಎಂದು ತೋರಿಸಿದ. ಬಸುರಿಯ ಹೊಟ್ಟೆ ಎಂದರೆ ಅರಿವಳಿಕೆಯವರಿಗೆ ಇಂದಿಗೂ ಇರುವ ಅಂಜಿಕೆಗೆ ಬೇರು ಅಲ್ಲಿದೆ. ಮತ್ತು ಬರಿಸಲೇಬೇಕಾದರೆ ಮುಖಕ್ಕೆ ಬರೀ ಮಾಸ್ಕು ಹಿಡಿದು ಸುಮ್ಮನಿರುವಂತಿಲ್ಲ, ಗಂಟಲಲ್ಲಿ ನಳಿಕೆ ಇಳಿಸಿ ಶ್ವಾಸನಾಳವನ್ನು ಭದ್ರ ಮಾಡಬೇಕು, ಅದೂ ಬೇಗ. ಇ.ಬಿ. ಇರುವವಳಲ್ಲಿ ಈ 'ಬೇಗ' ಎಂಬುದೇ ಇಕ್ಕಟ್ಟು. ಬಾಯಿ ಎರಡು ಬೆರಳಷ್ಟೂ ತೆರೆಯದಿರಬಹುದು, ಕತ್ತು ಹಿಂದಕ್ಕೆ ಬಾಗದಿರಬಹುದು, ಹಲ್ಲು ಹಾಳಾಗಿರಬಹುದು. ಬಾಯಿಯೊಳಗೆ ಬೆರಳು ತಾಗಿದಲ್ಲೆಲ್ಲ ಬೊಬ್ಬೆ ಎದ್ದು ರಕ್ತ ಬರಬಹುದು.

ಹೀಗಾಗಿ ಬಹಳ ಕಾಲ ವೈದ್ಯರು ಇ.ಬಿ. ರೋಗಿಗಳಿಗೆ ನಳಿಕೆ ಹಾಕಲು ಹೆದರುತ್ತಿದ್ದರು. ಶ್ವಾಸನಾಳದ ಒಳಗೂ ಬೊಬ್ಬೆ ಎದ್ದು ಉಸಿರು ಕಟ್ಟೀತು ಎಂಬ ಭಯ. 1982ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ಜೇಮ್ಸ್ ಮತ್ತು ವಾರ್ಕ್ ಎಂಬ ವೈದ್ಯರು ಡಿಸ್ಟ್ರೋಫಿಕ್ ಇ.ಬಿ. ರೋಗಿಗಳಿಗೆ ನಳಿಕೆ ಹಾಕಿದ ತಮ್ಮ ಅನುಭವವನ್ನು ಪ್ರಕಟಿಸಿದ ಮೇಲೆ ಈ ಭಯ ಇಳಿಯುತ್ತ ಬಂತು. ಕಾರಣ ಅಂಗರಚನೆಯಲ್ಲೇ ಇದೆ. ಬಾಯಿ, ಗಂಟಲು, ಅನ್ನನಾಳಗಳ ಒಳಪೊರೆ ಹೆಚ್ಚುಕಡಿಮೆ ಚರ್ಮದ ಜಾತಿಯದು. ಶ್ವಾಸನಾಳದ ಒಳಪೊರೆ ಬೇರೆ ಜಾತಿಯದು, ಡಿಸ್ಟ್ರೋಫಿಕ್ ಬಗೆಯಲ್ಲಿ ಅಲ್ಲಿ ಬೊಬ್ಬೆ ಏಳುವುದು ಅಪರೂಪ. ಹಾಗಾಗಿ ನಳಿಕೆಯಿಂದ ಆಗುವ ಗಾಯವೆಲ್ಲ ಅದು ಸಾಗುವ ದಾರಿಯಲ್ಲಿ. ಒಂದು ಅಳತೆ ಚಿಕ್ಕದಾದ ನಳಿಕೆ, ಧಾರಾಳ ಜಾರುಲೇಪ, ಕೆನ್ನೆಗೆ ಟೇಪಿನ ಬದಲು ವ್ಯಾಸಲಿನ್ ಸವರಿದ ಗಾಜ್ ಬಟ್ಟೆಯ ಕಟ್ಟು, ಇಷ್ಟಿದ್ದರೆ ದಾರಿ ಸಾಗುತ್ತದೆ. ಇ.ಬಿ.ಗೂ ಪಾರ್ಫೈರಿಯಾ ಎಂಬ ರಕ್ತದ ರೋಗಕ್ಕೂ ನಂಟಿದೆ, ಆದ್ದರಿಂದ ಕೆಲವು ಮತ್ತಿನ ಮದ್ದು ಕೊಡಬಾರದು ಎಂಬ ನಂಬಿಕೆಯೂ ಒಂದು ಕಾಲಕ್ಕೆ ಓಡಾಡುತ್ತಿತ್ತು. ಅದೂ ಹುರುಳಿಲ್ಲದ್ದಾಯಿತು. ವಿರಳ ರೋಗಗಳ ವಿಷಯದಲ್ಲಿ ಹೀಗಾಗುತ್ತದೆ. ಒಬ್ಬ ಹೆದರಿ ಬರೆದದ್ದನ್ನು ಇನ್ನೊಬ್ಬ ನಿಯಮವೆಂದು ಓದುತ್ತಾನೆ, ಸುಳ್ಳೆಂದು ತೋರಿಸಲು ಸಾಕಷ್ಟು ರೋಗಿಗಳೇ ಸಿಗುವುದಿಲ್ಲ.

ಬೆನ್ನಿಗೆ ಕೊಡುವ ಇಂಜೆಕ್ಷನ್ನಿನ ಮೇಲೂ ಇಂಥದೇ ಅಪನಂಬಿಕೆಯಿತ್ತು. ಸೂಜಿ ಚುಚ್ಚಿದಲ್ಲಿ ಚರ್ಮ ಬಿಡುತ್ತದೆ, ಸೋಂಕು ಒಳಗೆ ಹೋಗುತ್ತದೆ, ಚರ್ಮದಡಿ ಮದ್ದು ತುಂಬಿದರೆ ಪದರವೇ ಮೇಲೇಳುತ್ತದೆ ಎಂದು. ಇದರಲ್ಲಿ ಒಂದಿಷ್ಟು ನಿಜವಿದೆ. ಬೊಬ್ಬೆ, ಹುಣ್ಣು ಇರುವ ಕಡೆ ಸೂಜಿ ಹಾಕುವಂತಿಲ್ಲ, ಮರಗಟ್ಟಿಸುವ ಮದ್ದನ್ನು ತೊಗಲಿನ ಪದರದೊಳಗೇ ಉಬ್ಬಿಸಿ ತುಂಬುವಂತಿಲ್ಲ. ಇಷ್ಟು ಜಾಗ್ರತೆ ವಹಿಸಿ ಸ್ಪೈನಲ್ಲನ್ನೂ ಎಪಿಡ್ಯೂರಲ್ಲನ್ನೂ ಇ.ಬಿ. ತಾಯಂದಿರಿಗೆ ಯಶಸ್ವಿಯಾಗಿ ಕೊಟ್ಟ ವರದಿಗಳು ಈಗ ಹಲವಿವೆ. ಕಷ್ಟ ಇರುವುದು ಸೂಜಿಯಲ್ಲಿ ಅಲ್ಲ, ಅದರ ಹಿಂದುಮುಂದಿನ ಕೆಲಸದಲ್ಲಿ. ಬೆನ್ನನ್ನು ಉಜ್ಜಿ ತೊಳೆಯುವ ಬದಲು ಔಷಧವನ್ನು ಸುರಿದು ಅಥವಾ ಹಗುರಾಗಿ ಒತ್ತಿ ತೆಗೆಯಬೇಕು. ಅಂಟಿರುವ ಹಸಿರು ಬಟ್ಟೆ ಹಾಸಬಾರದು. ಎಪಿಡ್ಯೂರಲ್ಲಿನ ಎಳೆನಳಿಕೆಯನ್ನು ಬೆನ್ನಿಗೆ ಅಂಟಿಸುವ ಬದಲು ಸಿಲಿಕೋನ್ ಟೇಪಿನಲ್ಲಿ ಹಿಡಿದಿಡಬೇಕು. ಅದು ಚರ್ಮವನ್ನು ಕಚ್ಚದೆ ಹಿಡಿಯುತ್ತದೆ, ನೋಯಿಸದೆ ಬಿಡುತ್ತದೆ.

ಮೊದಲೇ ಯೋಚಿಸಿ ಎಪಿಡ್ಯೂರಲ್ ಹಾಕಿಟ್ಟರೆ ಇನ್ನೊಂದು ದೊಡ್ಡ ಲಾಭವಿದೆ. ನಡುವೆ ಏನಾದರೂ ಎಡವಟ್ಟಾಗಿ ತುರ್ತು ಸಿಸೇರಿಯನ್ ಬೇಕಾದರೆ ಅದೇ ನಳಿಕೆಯಲ್ಲಿ ಇನ್ನಷ್ಟು ಮದ್ದು ಹಾಕಿ ಕೆಲಸ ಸಾಗಿಸಬಹುದು, ಆ ಕಿರಿದಾದ ಬಾಯಿಯಲ್ಲಿ ಅವಸರದಿಂದ ನಳಿಕೆ ಇಳಿಸುವ ಪ್ರಸಂಗ ತಪ್ಪುತ್ತದೆ. ಎಚ್ಚರವಾಗಿದ್ದಾಳೆ ಎಂಬುದೇ ಇನ್ನೊಂದು ಲಾಭ. ಸ್ಪೈನಲ್ ಕೊಡುವ ಮುಂಚೆ ಆಕೆ ಟ್ರಾಲಿಯಿಂದ ಟೇಬಲ್ಲಿಗೆ ತಾನೇ ಸರಿಯಬಹುದು, ಆಗ ಸುತ್ತಲಿನವರು ಮಾಡಬೇಕಾದ ಅತಿ ದೊಡ್ಡ ಉಪಕಾರವೆಂದರೆ ಕೈ ಹಿಂದೆ ಕಟ್ಟಿ ನಿಲ್ಲುವುದು. ಎತ್ತಲೇಬೇಕಾದರೆ ಮೈಯಡಿ ಹಾಸಿದ ದಪ್ಪ ಮೆತ್ತೆಯ ಸಮೇತ ಎತ್ತಬೇಕು, ಜಾರಿಸಬಾರದು.

ಅಂಟಿಲ್ಲದೆ ಇ.ಸಿ.ಜಿ. ಹೇಗೆ ಎಂದು ಕೇಳಬಹುದು. ಬಿಲ್ಲೆಯ ಸುತ್ತಲಿನ ಅಂಟನ್ನು ಕತ್ತರಿಸಿ ನಡುವಿನ ಜೆಲ್ ಮಾತ್ರ ಮೈಗೆ ತಾಗುವಂತಿಟ್ಟು ಬ್ಯಾಂಡೇಜು ಸುತ್ತಿದರೆ ಆಯಿತು. ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಬೆರಳು ಕೂಡಿಹೋಗಿದ್ದರೆ ಕಿವಿಗೆ ಹಾಕಬಹುದು. ಡ್ರಿಪ್ಪಿಗೆ ರಬ್ಬರ್ ಪಟ್ಟಿ ಬಿಗಿಯುವ ಬದಲು ಹತ್ತಿ ಸುತ್ತಿದ ತೋಳನ್ನು ಇನ್ನೊಬ್ಬರು ನೇರವಾಗಿ ಹಿಡಿದು ಅದುಮಬಹುದು. ಕಣ್ಣಿಗೆ ಟೇಪಿನ ಬದಲು ಮುಲಾಮು ಮತ್ತು ತೇವದ ಗಾಜ್. ಮಾಸ್ಕಿನ ಅಂಚಿಗೂ ಅದನ್ನು ಹಿಡಿಯುವವರ ಕೈಗವುಸಿಗೂ ವ್ಯಾಸಲಿನ್. ಮರೆತು ಪ್ಲಾಸ್ಟರು ಹಾಕಿಬಿಟ್ಟರೆ ಕೀಳಲು ಹೋಗಬಾರದು, ಅಂಟು ಬಿಡಿಸುವ ಸಿಲಿಕೋನ್ ದ್ರವವನ್ನೋ ಅದಿಲ್ಲದಿದ್ದರೆ ವ್ಯಾಸಲಿನ್ನನ್ನೋ ಹಚ್ಚಿ ತಾನಾಗಿ ಸಡಿಲವಾಗುವ ತನಕ ಕಾಯಬೇಕು. ಮದ್ದಿಗಿಂತ ತಾಳ್ಮೆ ಹೆಚ್ಚು ಖರ್ಚಾಗುವ ವೈದ್ಯಕೀಯ ಇದು.

ಚರ್ಮ ನಾಜೂಕು ಎಂದ ಮಾತ್ರಕ್ಕೆ ಎಲ್ಲರಿಗೂ ಒಂದೇ ಮಂತ್ರ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಏಲರ್ಸ್-ಡ್ಯಾನ್ಲಾಸ್ ಎಂಬ ಇನ್ನೊಂದು ಗುಂಪಿನ ರೋಗಗಳಲ್ಲಿ ಚರ್ಮ ಎಳೆದರೆ ಹಿಗ್ಗುತ್ತದೆ, ಸುಲಭವಾಗಿ ಹರಿಯುತ್ತದೆ, ಕೀಲು ಹೊರಳುತ್ತದೆ. ಅವರಲ್ಲಿ ಕೆಲವರಿಗೆ ಮರಗಟ್ಟಿಸುವ ಮದ್ದು ಸರಿಯಾಗಿ ಹಿಡಿಯುವುದೇ ಇಲ್ಲ. ಅದರಲ್ಲೇ ರಕ್ತನಾಳಗಳನ್ನು ಬಾಧಿಸುವ ಬಗೆಯೊಂದಿದೆ, ಅಲ್ಲಿ ಗರ್ಭಕೋಶವೋ ದೊಡ್ಡ ರಕ್ತನಾಳವೋ ಒಡೆಯುವ ಅಪಾಯದ ಮುಂದೆ ಚರ್ಮದ ಚಿಂತೆ ಚಿಕ್ಕದು. ಇ.ಬಿ.ಯ ಒಳಗೂ ಅಷ್ಟೇ. ತೀವ್ರ ಬಗೆಯಲ್ಲಿ ವರ್ಷಗಟ್ಟಲೆ ಸೋರಿದ ಗಾಯಗಳಿಂದ ರಕ್ತಹೀನತೆ, ಕೆಲವರಲ್ಲಿ ಹೃದಯದ ದುರ್ಬಲತೆ ಇರುತ್ತದೆ. ಸ್ಪೈನಲ್ ಕೊಟ್ಟ ಕೂಡಲೇ ಬಿ.ಪಿ. ಕುಸಿಯುವುದನ್ನು ತಡೆದುಕೊಳ್ಳುವ ಶಕ್ತಿ ಆ ಹೃದಯಕ್ಕಿದೆಯೇ ಎಂದು ಎಕೋ ಮಾಡಿಸಿ ನೋಡಿರಬೇಕು. ಕಬ್ಬಿಣಾಂಶ ತುಂಬಲೂ ತಿಂಗಳುಗಳು ಬೇಕು. ಮೊದಲೇ ಭೇಟಿಯಾಗಬೇಕೆಂಬ ನನ್ನ ಹಟಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ರಗಳೆ ಯಾಕೆ, ನೇರವಾಗಿ ಸಿಸೇರಿಯನ್ ಮಾಡಿ ಮುಗಿಸಬಾರದೇ ಎನ್ನುವವರಿದ್ದಾರೆ. ಮಗು ಹೊರಬರುವ ದಾರಿಯೆಲ್ಲ ಸುಲಿದುಹೋಗುತ್ತದೆ ಎಂಬುದು ಅವರ ಊಹೆ. ಅನುಭವ ಹಾಗೆ ಹೇಳುವುದಿಲ್ಲ. ಇ.ಬಿ. ಇರುವ, ತೀವ್ರ ಬಗೆಯೂ ಇರುವ ಹೆಂಗಸರು ಸಹಜವಾಗಿ ಹೆತ್ತಿದ್ದಾರೆ, ಆದ ಗಾಯಗಳು ಮಾಗಿವೆ. ರೋಗಿಗಳ ಪರವಾಗಿ 1978ರಲ್ಲಿ ಬ್ರಿಟನ್ನಿನಲ್ಲಿ ಒಬ್ಬ ತಾಯಿ ಕಟ್ಟಿದ ಡೆಬ್ರಾ ಸಂಸ್ಥೆ ಇಂದು ಹಲವು ದೇಶಗಳಲ್ಲಿ ಹಬ್ಬಿದೆ. ಅದರ ಅಂತರರಾಷ್ಟ್ರೀಯ ಬಳಗ ಬಸಿರು-ಹೆರಿಗೆ-ಬಾಣಂತನಗಳ ಬಗ್ಗೆ 2022ರಲ್ಲಿ ಮಾರ್ಗಸೂಚಿ ಹೊರತಂದಿತು. ಇ.ಬಿ. ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ, ಉಳಿದ ಹೆಂಗಸರಂತೆ ಹೆರಿಗೆಯ ಅಗತ್ಯ ನೋಡಿ ನಿರ್ಧರಿಸಿ ಎಂಬುದು ಈ ವಿಷಯದಲ್ಲಿ ಪಳಗಿದವರ ನಿಲುವು. ಸಿಸೇರಿಯನ್ ಆದರೂ ಹೊಲಿಗೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಎದೆಹಾಲೂಡಿಸುವವರೂ ಇದ್ದಾರೆ. ಭಯಕ್ಕಿಂತ ಮೈ ಗಟ್ಟಿಯಾಗಿರುತ್ತದೆ, ಆದರೆ ಅದನ್ನು ಮುಟ್ಟುವವರು ನಿಧಾನಸ್ಥರಾಗಿರಬೇಕು.

ಇನ್ನೂ ಕಟುವಾದ ಪ್ರಶ್ನೆಯೊಂದು ಬಾಯಲ್ಲಿ ಬರದಿದ್ದರೂ ಕಣ್ಣಲ್ಲಿ ಬರುತ್ತದೆ. ಇಂಥವಳಿಗೆ ಮಗು ಯಾಕೆ ಬೇಕಿತ್ತು? ಇದಕ್ಕೆ ಉತ್ತರ ಕೊಡಬೇಕಾದ ಹಂಗು ಆಕೆಗಿಲ್ಲ. ಆದರೆ ಪ್ರಶ್ನೆಯ ಹಿಂದಿರುವ ತಪ್ಪು ಲೆಕ್ಕವನ್ನು ತಿದ್ದಬಹುದು. ಡಿಸ್ಟ್ರೋಫಿಕ್ ಇ.ಬಿ.ಯ ತೀವ್ರ ರೂಪ ಸಾಮಾನ್ಯವಾಗಿ ಬರುವುದು ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ಪ್ರತಿ ಸಿಕ್ಕಾಗ. ಅಂಥವಳ ಗಂಡನಲ್ಲಿ ಆ ದೋಷವಿಲ್ಲದಿದ್ದರೆ ಹುಟ್ಟುವ ಮಕ್ಕಳೆಲ್ಲ ವಾಹಕರಾಗುತ್ತಾರೆಯೇ ಹೊರತು ರೋಗಿಗಳಾಗುವುದಿಲ್ಲ. ಗಂಡ ವಾಹಕನಾಗಿದ್ದರೆ ಮಾತ್ರ ಪ್ರತಿ ಬಸಿರಲ್ಲೂ ರೋಗದ ಸಾಧ್ಯತೆ ಅರ್ಧದಷ್ಟು. ಒಂದೇ ಪ್ರತಿಯಿಂದ ಬರುವ ಬಗೆಗಳಲ್ಲಿ ಗಂಡ ಯಾರೇ ಆಗಿರಲಿ ಸಾಧ್ಯತೆ ಅರ್ಧ, ಆದರೆ ಅವು ಹೆಚ್ಚಾಗಿ ಸೌಮ್ಯ.

ಇಲ್ಲಿ ಕರ್ನಾಟಕದವರು ಕಿವಿ ನಿಮಿರಿಸಬೇಕು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವುದು ನಮ್ಮಲ್ಲಿ ಇಂದಿಗೂ ಅಪರೂಪವಲ್ಲ. ರೋಗವಿರುವ ಹುಡುಗಿಯನ್ನು ಹೊರಗಿನವರು ಒಪ್ಪುವುದಿಲ್ಲ, ಮನೆಯವನೇ ಆದರೆ ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂಬ ಕರುಣೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಹುಡುಗಿಗೆ ಎರಡು ಪ್ರತಿಯ ರೋಗವಿದೆ ಎಂದರೆ ಅವಳ ತಾಯಿ ವಾಹಕಿ ಎಂಬುದು ಬಹುತೇಕ ಖಚಿತ, ತಾಯಿಯ ತಮ್ಮನೂ ವಾಹಕನಾಗಿರುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧ. ಕರುಣೆ ಕಟ್ಟಿದ ಮದುವೆಯೇ ಮಗುವಿನ ಅಪಾಯವನ್ನು ಹತ್ತಾರು ಪಟ್ಟು ಏರಿಸಿಬಿಡುತ್ತದೆ. ಇದನ್ನು ಬಿಡಿಸಿ ಹೇ‍ಳಲು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಸಲಹೆಗಾರರಿದ್ದಾರೆ. ಮದುವೆಯ ಮಾತುಕತೆಗೆ ಮುಂಚೆ ಅವರ ಬಳಿ ಹೋದರೆ ಒಳ್ಳೆಯದು. ಮದುವೆ ಆಗಿ ಹೋಗಿದ್ದರೆ ಬಸಿರಿಗೆ ಮುಂಚೆ. ಮಗುವಿಗೂ ಇ.ಬಿ. ಇರಬಹುದೆಂಬ ಅನುಮಾನವಿದ್ದರೆ ಹೆರಿಗೆ ಕೋಣೆಯ ಸಿದ್ಧತೆ ಬದಲಾಗುತ್ತದೆ. ಇಕ್ಕುಳ, ವ್ಯಾಕ್ಯೂಮ್ ಆದಷ್ಟು ಬೇಡ, ಮಗುವನ್ನು ಟವೆಲಿನಿಂದ ಉಜ್ಜುವಂತಿಲ್ಲ, ಹೊಕ್ಕುಳಿಗೆ ಪ್ಲಾಸ್ಟಿಕ್ ಕ್ಲಿಪ್ಪಿನ ಬದಲು ದಾರ.

ನಮ್ಮ ತಾಲ್ಲೂಕು ಊರುಗಳಲ್ಲಿ ಅನಸ್ತೇಷಿಯಾ ಡಾಕ್ಟರೆಂದರೆ ಫೋನು ಮಾಡಿದಾಗ ಬರುವವರು. ಒಂದು ಆಸ್ಪತ್ರೆಯ ಆಪರೇಷನ್ ಮುಗಿಸಿ ಇನ್ನೊಂದಕ್ಕೆ ಓಡುವವರು. ಅವರು ಸಾಲದೆ ಎಂ.ಬಿ.ಬಿ.ಎಸ್. ವೈದ್ಯರಿಗೇ 18 ವಾರಗಳ ತರಬೇತಿ ಕೊಟ್ಟು ತುರ್ತು ಹೆರಿಗೆಗೆ ಅರಿವಳಿಕೆ ಕೊಡಿಸುವ ಕಾರ್ಯಕ್ರಮವನ್ನು ಸರ್ಕಾರವೇ ನಡೆಸಬೇಕಾಯಿತು. ಅದು ಎಷ್ಟೋ ಜೀವ ಉಳಿಸುವ ಕೆಲಸ, ನಾನು ಹಗುರವಾಗಿ ಹೇಳುತ್ತಿಲ್ಲ. ಆದರೆ ಹೆರಿಗೆ ನೋವು ಶುರುವಾದ ಮೇಲೆ ಆಂಬುಲೆನ್ಸಿನಲ್ಲಿ ಬಂದ ಇ.ಬಿ. ತಾಯಿಯನ್ನು ಅವರ ಕೈಗೆ ಹಾಕುವುದು ಇಬ್ಬರಿಗೂ ಅನ್ಯಾಯ. ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. 2016ರಿಂದ ಪ್ರತಿ ತಿಂಗಳ 9ರಂದು ಬಸುರಿಯರನ್ನು ವೈದ್ಯರು ಪರೀಕ್ಷಿಸುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನವಿದೆ, ಅಪಾಯವಿರುವವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಹಾಕುವ ಪದ್ಧತಿಯಿದೆ. ಇ.ಬಿ. ತಾಯಿಗೆ ಸಂಬಂಧಿಸಿದಂತೆ ಏನನ್ನಾದರೂ ಅಂಟಿಸಬಹುದಾದ ಒಂದೇ ಜಾಗ ಬಹುಶಃ ಆ ಕಾರ್ಡು! ಆಶಾ ಕಾರ್ಯಕರ್ತೆಗೆ ಚರ್ಮ ನೋಡಿದ ಕೂಡಲೇ ಗೊತ್ತಾಗುತ್ತದೆ, ಇದು ಸ್ಕ್ಯಾನಿಂಗ್ ಮಾಡಿ ಹುಡುಕಬೇಕಾದ ರೋಗವಲ್ಲ. ನಾಲ್ಕನೆಯ ಐದನೆಯ ತಿಂಗಳಲ್ಲೇ ತಾಯಿ ಕಾರ್ಡಿನ ಮೇಲೆ 'ಅರಿವಳಿಕೆ ತಜ್ಞರಿಗೆ ತೋರಿಸಿ' ಎಂಬ ಮೂರು ಪದ ಬರೆದು ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕಳಿಸಿದರೆ ಅರ್ಧ ಕೆಲಸ ಮುಗಿಯಿತು.

ಖರ್ಚಿನ ಮಾತು ಬರುತ್ತದೆ. ಸಿಲಿಕೋನ್ ಟೇಪು ಸಾಮಾನ್ಯ ಪ್ಲಾಸ್ಟರಿಗಿಂತ ದುಬಾರಿ, ನಿಜ. ಉಳಿದದ್ದೆಲ್ಲ ಹತ್ತಿಯ ಸುರುಳಿ, ಬ್ಯಾಂಡೇಜು, ವ್ಯಾಸಲಿನ್. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಸುತ್ತವೆ. ಡಿಸ್ಟ್ರೋಫಿಕ್ ಇ.ಬಿ.ಯ ಗಾಯಕ್ಕೆ ಹಚ್ಚುವ ವಂಶವಾಹಿ ಜೆಲ್ಲಿಗೆ ಅಮೆರಿಕ 2023ರ ಮೇ ತಿಂಗಳಲ್ಲಿ ಅನುಮತಿ ಕೊಟ್ಟಾಗ ಅದು ದೊಡ್ಡ ಸುದ್ದಿಯಾಯಿತು, ಆಗಬೇಕಾದದ್ದೇ. ಆದರೆ ಹೆರಿಗೆ ಕೋಣೆಯ ಗೋಡೆಗೆ ತೂಗುಹಾಕಿದ ಒಂದು ಪೆಟ್ಟಿಗೆ ಸುದ್ದಿಯಾಗುವುದಿಲ್ಲ. ವಿರಳ ರೋಗ ಎಂದ ಕೂಡಲೇ ಕೋಟಿ ರೂಪಾಯಿಯ ಮದ್ದನ್ನಷ್ಟೇ ನೆನೆಯುವ ಚಟ ನಮಗೆ ಬಂದಿದೆ. 2021ರ ರಾಷ್ಟ್ರೀಯ ವಿರಳ ರೋಗಗಳ ನೀತಿಯ ಬಗ್ಗೆ ನಡೆಯುವ ಚರ್ಚೆಯೂ ಹೆಚ್ಚಾಗಿ ಮದ್ದಿನ ಬೆಲೆಯ ಸುತ್ತಲೇ ಸುತ್ತುತ್ತದೆ.

ಆ ಪೆಟ್ಟಿಗೆ ಇ.ಬಿ.ಯವರಿಗೆ ಮಾತ್ರ ಉಪಯೋಗಕ್ಕೆ ಬರುವುದೂ ಅಲ್ಲ. ನನ್ನ ಸೋದರತ್ತೆ ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿ ಚರ್ಮ ಈರುಳ್ಳಿ ಸಿಪ್ಪೆಯಂತಾಗಿತ್ತು. ಆಸ್ಪತ್ರೆಯಿಂದ ಬಿಡುಗಡೆಯ ದಿನ ಡ್ರಿಪ್ಪಿನ ಪ್ಲಾಸ್ಟರನ್ನು ಒಂದೇ ಎಳೆತಕ್ಕೆ ಕಿತ್ತಿದ್ದರು. ಬಂದ ಕಾಯಿಲೆ ವಾರದಲ್ಲಿ ವಾಸಿಯಾಯಿತು, ಆ ಕೈಗಾಯ ಎರಡು ತಿಂಗಳು ತೆಗೆದುಕೊಂಡಿತು. ದಿನ ತುಂಬದೆ ಹುಟ್ಟಿದ ಕೂಸು, ಸುಟ್ಟಗಾಯದವರು, ಮುಪ್ಪಾದವರು ಎಲ್ಲರಿಗೂ ಅಂಟು ಬಿಡಿಸುವ ನಯ ಬೇಕು. ಇ.ಬಿ. ತಾಯಿಯನ್ನು ಸರಿಯಾಗಿ ನೋಡಿಕೊಳ್ಳಬಲ್ಲ ಆಸ್ಪತ್ರೆ ನನ್ನ ಸೋದರತ್ತೆಯನ್ನೂ ಚೆನ್ನಾಗಿ ನೋಡಿಕೊಳ್ಳುತ್ತಿತ್ತು.

ಒಪ್ಪಬೇಕಾದ ಆಕ್ಷೇಪ ಒಂದಿದೆ. ಮಗುವಿನ ಎದೆಬಡಿತ ದಿಢೀರನೆ ಕುಸಿದಾಗ, ತಾಯಿಗೆ ರಕ್ತ ಹರಿಯುತ್ತಿದ್ದಾಗ ಹತ್ತಿ ಸುತ್ತುತ್ತ ಕೂರಲಾದೀತೇ? ಇಲ್ಲ. ಆಗ ಜೀವ ಮೊದಲು, ಚರ್ಮ ಆಮೇಲೆ. ಚರ್ಮ ಹೋದರೂ ಮಾಗೀತು. ಯಾವ ತಾಯಿಯೂ ಇದಕ್ಕೆ ಬೇರೆ ಹೇಳಲಾರಳು. ಆದರೆ ಆ ಗಳಿಗೆಯಲ್ಲೂ ಎಷ್ಟು ಕೈಬಿಡಬೇಕಾಗುತ್ತದೆ ಎಂಬುದು ಮುಂಚಿನ ತಿಂಗಳುಗಳಲ್ಲಿ ಎಷ್ಟು ಮಾತಾಡಿದ್ದೇವೆ ಎಂಬುದರ ಮೇಲೆ ನಿಂತಿದೆ. ಬಾಯಿ ಎಷ್ಟು ತೆರೆಯುತ್ತದೆ ಎಂದು ಮೊದಲೇ ಅಳೆದು ಬರೆದಿಟ್ಟಿದ್ದರೆ ಚಿಕ್ಕ ನಳಿಕೆಯೂ ಕ್ಯಾಮೆರಾ ಇರುವ ಉಪಕರಣವೂ ಕೈಯಳತೆಯಲ್ಲಿರುತ್ತವೆ. ಎಪಿಡ್ಯೂರಲ್ ಹಾಕಿಟ್ಟಿದ್ದರೆ ಅವಸರವೇ ಅರ್ಧಕ್ಕೆ ಇಳಿಯುತ್ತದೆ. ಪೆಟ್ಟಿಗೆ ಗೋಡೆಯ ಮೇಲಿದ್ದರೆ ಅದನ್ನು ತೆರೆಯಲು ಬೇಕಾದದ್ದು ಕೆಲವೇ ಸೆಕೆಂಡು.

ಹೆರಿಗೆಯಾದ ಮರುದಿನದ ಒಂದು ಕೆಲಸ ಉಳಿಯುತ್ತದೆ. ಇ.ಬಿ. ಇರುವವರು ಸಾಮಾನ್ಯವಾಗಿ ತಮ್ಮ ಪಟ್ಟಿಗಳನ್ನು ತಾವೇ ಬಿಚ್ಚಿಕೊಳ್ಳಲು ಬಯಸುತ್ತಾರೆ, ಎಷ್ಟು ನಿಧಾನ ಬೇಕೆಂದು ಅವರ ಬೆರಳಿಗೇ ಗೊತ್ತು. ಕೈಯ ಡ್ರಿಪ್ಪು, ಎದೆಯ ಬಿಲ್ಲೆ, ತೋಳಿನ ಹತ್ತಿ ಎಲ್ಲವನ್ನೂ ಆಕೆ ಹಾಸಿಗೆಯಲ್ಲಿ ಕೂತು ಒಂದೊಂದಾಗಿ ಬಿಡಿಸುತ್ತಾಳೆ. ಬೆನ್ನಿನ ಮೇಲಿನ ಎಪಿಡ್ಯೂರಲ್ ಪಟ್ಟಿ ಮಾತ್ರ ಕೈಗೆ ಎಟುಕುವುದಿಲ್ಲ. ಅಷ್ಟರಲ್ಲಿ ಡ್ಯೂಟಿ ಬದಲಾಗಿರುತ್ತದೆ. ನಿನ್ನೆ ಎಲ್ಲವನ್ನೂ ತಿಳಿದಿದ್ದ ವೈದ್ಯರು ಮನೆಗೆ ಹೋಗಿರುತ್ತಾರೆ, ಬೆಳಗಿನ ಪಾಳಿಯ ನರ್ಸು ಆಕೆಯನ್ನು ನೋಡುತ್ತಿರುವುದು ಅದೇ ಮೊದಲು. ಹಾಸಿಗೆಯ ತಲೆದೆಸೆಯಲ್ಲಿ ದಪ್ಪಕ್ಷರದಲ್ಲಿ ಬರೆದ ಹಾಳೆಯೊಂದಿದ್ದರೆ, ಆ ನರ್ಸು ಬೆನ್ನ ಹಿಂದೆ ಹೋಗುವ ಮೊದಲು ಆಕೆಯ ಮುಂದೆ ಬಂದು ಕೂರುತ್ತಾರೆ. ಇದನ್ನು ಯಾವ ಕಡೆಯಿಂದ ಬಿಡಿಸಲಮ್ಮ ಎಂದು ಕೇಳುತ್ತಾರೆ.